ಆದೇಶಕ್ಕೆ ಕಾದ ದೋಣಿ

ಆಗಸ್ಟ್ ೧೯, ಚಿಕ್ಕೋಡಿ

ಮಾಯಪ್ಪನ ಮಾತು ಕಿವಿಯಿಂದ ಹೋಗುತ್ತಿಲ್ಲ. ಕೃಷ್ಣೆ ಏರಿದಾಗಲೆಲ್ಲ ದಿಗ್ಗೇವಾಡಿಯಲ್ಲಿ ದೋಣಿ ಇಳಿಸುತ್ತಿದ್ದವನು ಅವನು. ಓಣಿಯವರು ಕೂಗಿದರೆ ಸಾಕು, ಊಟದ ತಾಟು ಬಿಟ್ಟು ಏಳುತ್ತಿದ್ದ. ಅವನ ತಂಡಕ್ಕೆ ಸರ್ಕಾರದ ಮಾನ್ಯತೆ ಬೇಕೆಂದು ಹೋದ ವರ್ಷ ಅರ್ಜಿ ಬರೆದುಕೊಟ್ಟವನು ನಾನು. ಗುರುತಿನ ಚೀಟಿ ಬಂತು, ಜಾಕೆಟ್ ಬಂತು, ತಾಲೂಕು ಕಚೇರಿಯ ಆದೇಶವಿಲ್ಲದೆ ದೋಣಿ ಇಳಿಸಬಾರದೆಂಬ ಷರತ್ತೂ ಬಂತು. ಓದಿ ಹೇಳಿ ಸಹಿ ಹಾಕಿಸಿದ್ದೂ ನಾನೇ.

ಅಂಗನವಾಡಿಯಲ್ಲಿ ಅಡುಗೆ ಮಾಡುವ ದ್ರೌಪದವ್ವ ನಿನ್ನೆ ಹೊಳೆ ನೀರು ಹೊಕ್ಕ ಮನೆಯ ತಗಡಿನ ಮೇಲೆ ನಿಂತು ಕೂಗಿದಳಂತೆ. ಮಾಯಪ್ಪನ ತಂಡದವರು ಜಾಕೆಟ್ ತೊಟ್ಟು, ಫೋನ್ ಹಿಡಿದು ದಂಡೆಯಲ್ಲೇ ನಿಂತಿದ್ದರು.

"ಆರ್ಡರ್ ಬರಲಿಲ್ರಿ ಸರ. ಆರ್ಡರ್ ಇಲ್ದ ಇಳಿಸಬಾರ್ದಂತ ನೀವ ಓದಿ ಹೇಳಿದ್ರೆಲ್ರಿ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪ್ರಭುತ್ವವನ್ನು ಕೇಳದೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುವುದೇ ನಾಗರಿಕ ಸಮಾಜ ಎಂದು ಹದಿನೆಂಟು ವರ್ಷ ಬಿ.ಎ. ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಾಗೆ ಕೇಳದೆಯೇ ಆಗುತ್ತಿದ್ದವರಿಗೆ ಅಪ್ಪಣೆ ಕೇಳುವುದನ್ನು ಕಲಿಸಿಬಿಟ್ಟೆ. ನಾಳೆ ಹತ್ತಕ್ಕೆ ಅದೇ ಪಾಠವಿದೆ. ಯಾವ ಬಾಯಿಂದ ಹೇಳಲಿ.

ಇಂದು ಮಧ್ಯಾಹ್ನ ಆದೇಶ ಬಂತಂತೆ. ದ್ರೌಪದವ್ವನ ಹೆಣ ಹುಡುಕಲು.