ಮೀಟರಿನ ಕೆಂಪು ದೀಪ

ಮಂಗಳವಾರ, ಹದಿನಾಲ್ಕು.

ಕರೆಂಟ್ ಬಿಲ್ ಏರಿದ್ದಕ್ಕೆ ನನ್ನ ಇಸ್ತ್ರಿಪೆಟ್ಟಿಗೆ ಕಾರಣ ಎಂದು ಇವರು, ಇವರ ಗೀಸರ್ ಎಂದು ನಾನು. ಎರಡು ದಿನದಿಂದ ಮಾತಿಲ್ಲ. ಯಾವುದು ಎಷ್ಟು ತಿನ್ನುತ್ತದೆ ನೋಡಿಯೇಬಿಡೋಣವೆಂದು ಸಂಜೆ ಫ್ರಿಜ್ಜನ್ನೂ ಬಿಡದೆ ಎಲ್ಲ ಆರಿಸಿ ಮೀಟರಿನ ಕೆಳಗೆ ಕೂತೆವು. ಕರೆಂಟ್ ಹರಿದಂತೆಲ್ಲ ಮಿಟುಕುವ ಅದರ ಕೆಂಪು ದೀಪ ಮಾತ್ರ ನಿಲ್ಲಲಿಲ್ಲ. ತೂಕಡಿಸುವ ಕಣ್ಣಿನ ಹಾಗೆ ಆಗೊಮ್ಮೆ ಈಗೊಮ್ಮೆ ಮಿಟುಕುತ್ತಿತ್ತು.

"ಇನ್ನೂ ಯಾವುದೋ ತಿಂತಾ ಇದೆ ಕಣೇ," ಎಂದರು ಇವರು.

"ಇರಿ, ಇನ್ನೊಂದ್ಸಲ ಮಿಟುಕಲಿ, ನೋಡೋಣ."

ಕತ್ತಲಲ್ಲಿ ಭುಜಕ್ಕೆ ಭುಜ ತಾಗಿತ್ತು. ಪ್ರತಿ ಮಿಟುಕಿಗೂ ಇವರ ಮೂಗಿನ ತುದಿ ಕೆಂಪಗೆ ಮೂಡಿ ಮಾಯವಾಗುತ್ತಿತ್ತು. ಮನೆಯೆಲ್ಲ ನೀರಿನ ತಳದಲ್ಲಿದ್ದಂತೆ ನಿಶ್ಶಬ್ದ.

ಒಳಕೋಣೆಯ ಟೀವಿ ಪ್ಲಗ್ ಕಿತ್ತಿಲ್ಲವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಎದ್ದು ಹೋಗುತ್ತಿದ್ದರು, ಲೆಕ್ಕ ಶುರುವಾಗುತ್ತಿತ್ತು.