ತೋಳಿನ ಅರ್ಧ ಇಂಚು

ಜೂನ್ ೩, ಮಂಗಳವಾರ, ಸಂಜೆ ೫

ಶಾಲೆಯಿಂದ ಬಂದೆ. ಕೈಕಾಲು ತೊಳೆದೆ. ಬ್ರೆಡ್ಡು ತಿಂದೆ. ನನಗೆ ಇಲ್ಲದ ತಮ್ಮನ ಪಾಲನ್ನೂ ತಿಂದೆ. ಯೂನಿಫಾರಂ ಕಳಚುವಾಗ ಒಂದು ಗಂಭೀರ ಸಂಗತಿ ಗಮನಕ್ಕೆ ಬಂತು — ತೋಳು ಬಿಗಿಯಿಲ್ಲ. ಯಾರೋ ಒಳಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟಿದ್ದಾರೆ. ಅಷ್ಟು ಸಣ್ಣ ಹೊಲಿಗೆ ಹಾಕುವ ದರ್ಜಿ ನಮ್ಮ ಬೀದಿಯಲ್ಲಿ ಒಬ್ಬನೇ. ದುರದೃಷ್ಟವಶಾತ್ ಅವನು ನನ್ನ ಅಪ್ಪ.

ತೋಳು ಬಿಗಿ ಅಂತ ಅಪ್ಪನಿಗೆ ಹೇಳಿದವರು ಯಾರು? ನಾನಂತೂ ಅಲ್ಲ. ನಿನ್ನೆ ಜಿರಾಫೆಗೆ ಮೆಸೇಜು ಮಾಡಿದ್ದೆ, ಅಷ್ಟೇ. ಜಿರಾಫೆ ನನ್ನ ಬೆಂಚಿನ ಗೆಳತಿ. ಅವಳ ಎತ್ತರಕ್ಕೆ ಯಾವ ಅಂಗಿಯ ತೋಳೂ ಮಣಿಕಟ್ಟು ಮುಟ್ಟಿದ್ದಿಲ್ಲ. ಅವಳಿಗೆ ನನ್ನ ಅಪ್ಪನ ಜೊತೆ ಮಾತೇ ಇಲ್ಲ.

ತನಿಖೆ ಆರಂಭ. ಈ ಪುಸ್ತಕವೇ ಕಡತ. ಅಂಗಡಿಯ ಹಳೆಯ ಅಳತೆ ಪುಸ್ತಕ, ಹಿಂದಿನ ಅರ್ಧ ಖಾಲಿ. ಅಪ್ಪ ಟೇಪು ಹಿಡಿದು ಕೂಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ — ಮೂರನೇ ಕ್ಲಾಸಿನಿಂದ ನನಗೆ ಅದೇ ಹುದ್ದೆ. ಯಾರ ಸೊಂಟ ಎಷ್ಟು ಎಂದು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಜೂನ್ ೫, ಗುರುವಾರ, ಬೆಳಿಗ್ಗೆ

ಮೊದಲ ಪ್ರಯೋಗ ಅಮ್ಮನ ಮೇಲೆ. ಅಮ್ಮ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂರುತ್ತಾಳೆ. ಅಲ್ಲಿ ಫೋನು ಎತ್ತಿದರೆ ಜೇನಿನ ದನಿ. ಮನೆಯಲ್ಲಿ ಹಲ್ಲು ಕೀಳುವ ದನಿ. ಆ ಜೇನಿನ ದನಿಯಲ್ಲಿ ಒಂದು ದಿನವಾದರೂ ನನ್ನನ್ನು ಎಬ್ಬಿಸಿದ್ದರೆ... ಅಂತ ನಿನ್ನೆ ಜಿರಾಫೆಗೆ ಬರೆದೆ.

ಇವತ್ತು ಅಮ್ಮ ಮಂಚದ ಪಕ್ಕ ಬಗ್ಗಿ, “ಏಳು ಗಂಟೆಯಾಯ್ತು ಮೇಡಂ, ಏಳ್ತೀರಾ?” ಅಂದಳು.

ಸಾಕ್ಷ್ಯ ಭದ್ರ. ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಜೋಡಿಸಿದ ಸಾಧನ: ಒಂದು. ಅಂಗಡಿಯ ಟ್ಯಾಬು. ನನ್ನ ಮೆಸೇಜೆಲ್ಲ ಅಲ್ಲೂ ಕಾಣುತ್ತದೆ. ಗಿರಾಕಿಗಳಿಗೆ ಕುತ್ತಿಗೆಯ ಡಿಸೈನು ತೋರಿಸುವ ಅದರಲ್ಲಿ ಈಗ ನನ್ನ ಕುತ್ತಿಗೆ. ಕಳೆದ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು, ಮಕ್ಕಳು ಮತ್ತು ಫೋನು ಅಂತ. ಅಪ್ಪ ಅಮ್ಮ ಇಬ್ಬರೂ ಫೇಲಾದವರ ಮುಖ ಹೊತ್ತು ಬಂದಿದ್ದರು. ಭಾನುವಾರ ಅಪ್ಪ, ಅಪ್‌ಡೇಟ್ ಮಾಡಿಸ್ತೀನಿ ಕೊಡು ಅಂತ ನನ್ನ ಫೋನು ಒಯ್ದಿದ್ದ. ಅಪ್ಪ! ಗಡಿಯಾರದ ಅಲಾರಂ ಇಡಲೂ ನನ್ನನ್ನೇ ಕರೆಯುವವನು.

ಕೇಳಿದ್ದರೆ ನಾನೇ ತೋರಿಸುತ್ತಿರಲಿಲ್ಲವೇ? (ತೋರಿಸುತ್ತಿರಲಿಲ್ಲ. ಆದರೂ.)

ಜೂನ್ ೬, ಶುಕ್ರವಾರ

ಪ್ರತೀಕಾರ ಸಮಿತಿಯ ಸಭೆ, ಶಾಲೆಯ ನಲ್ಲಿಯ ಹತ್ತಿರ. ಹಾಜರು: ನಾನು, ಜಿರಾಫೆ. ಟ್ಯಾಬಿನ ವಿಷಯ ಅವಳಿಗೆ ಹೇಳಿದೆ. ಅವಳು ಕುಡಿಯುತ್ತಿದ್ದ ನೀರು ನನ್ನ ಮುಖಕ್ಕೇ ಬಂತು. ಸರ್ವಾನುಮತದಿಂದ ಒಬ್ಬ ಹುಡುಗನನ್ನು ಸೃಷ್ಟಿಸಿದೆವು. ಹೆಸರು ಕ್ಯಾಪ್ಟನ್. ವಯಸ್ಸು ಇಪ್ಪತ್ತೆರಡು. ಬೈಕು ಇದೆ.

ಸಂಜೆ ಜಿರಾಫೆಗೆ ಬರೆದೆ: ಕ್ಯಾಪ್ಟನ್ ನಾಳೆ ನಾಲ್ಕಕ್ಕೆ ಲೈಬ್ರರಿ ಮೆಟ್ಟಿಲ ಹತ್ರ ಬರ್ತಾನಂತೆ, ಯಾರಿಗೂ ಹೇಳಬೇಡ.

ರಾತ್ರಿ ಊಟಕ್ಕೆ ಅಪ್ಪ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿಕೊಂಡ. ಹಾಗೇ ತಿಂದ.

ಜೂನ್ ೭, ಶನಿವಾರ, ಸಂಜೆ ೭

ಮೂರಕ್ಕೇ ಹೋಗಿ ಲೈಬ್ರರಿಯ ಮೇಲಿನ ಮಹಡಿಯ ಕಿಟಕಿ ಹಿಡಿದೆವು. ಮೂರೂವರೆಗೆ ಅಪ್ಪ ಬಂದ. ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಶನಿವಾರ ಅಂಗಡಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹತ್ತು ನಿಮಿಷ ಬಿಟ್ಟು ಅಮ್ಮ, ಆಸ್ಪತ್ರೆಯ ಬ್ಯಾಡ್ಜಿನ ಸಮೇತ. ಒಬ್ಬರು ಈ ತುದಿ, ಒಬ್ಬರು ಆ ತುದಿ. ಪರಸ್ಪರ ಪರಿಚಯವೇ ಇಲ್ಲದವರ ಹಾಗೆ. ಬೈಕಿನ ಸದ್ದು ಕೇಳಿದಾಗಲೆಲ್ಲ ಎರಡು ತಲೆ ಒಟ್ಟಿಗೆ ತಿರುಗುತ್ತಿದ್ದವು. ನಕ್ಕು ನಕ್ಕು ಜಿರಾಫೆಗೆ ಬಿಕ್ಕಳಿಕೆ.

ನಾಲ್ಕೂವರೆ. ಐದು. ಇಬ್ಬರೂ ಹೋಗಲಿಲ್ಲ.

ಅಮ್ಮ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿಕೊಳ್ಳತೊಡಗಿದಳು. ಅಪ್ಪ ತನ್ನ ತುದಿಯಿಂದ ಬಂದು ಅವಳ ಮುಂದೆ ನಿಂತ. ಯಾಕೆ ಅಲ್ಲಿ ನಿಂತ ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ನೋಡಿದೆ, ಅವನ ನೆರಳು ಸರಿಯಾಗಿ ಅಮ್ಮನ ಮುಖದ ಮೇಲೆ ಬೀಳುತ್ತಿತ್ತು. ಬಿಸಿಲು ಸರಿದ ಹಾಗೆ ಅವನೂ ಸರಿಯುತ್ತಿದ್ದ. ಇಂಚು ಇಂಚಾಗಿ.

“ಸಾಕು ಕಣೆ,” ಅಂದಳು ಜಿರಾಫೆ. ಅವಳ ಬಿಕ್ಕಳಿಕೆ ನಿಂತಿತ್ತು.

ಹಿಂದಿನ ಬಾಗಿಲಿನಿಂದ ಇಳಿದು ಬಂದೆವು. ದಾರಿಯಲ್ಲೇ ಅವಳ ನಂಬರಿಗೆ ಮೆಸೇಜು: ಕ್ಯಾಪ್ಟನ್ ಎಂಬವನು ಇಲ್ಲ, ಇರಲೂ ಇಲ್ಲ, ಈ ಪ್ರಕಟಣೆಯನ್ನು ಓದುತ್ತಿರುವ ಹಿರಿಯರು ದಯವಿಟ್ಟು ಮನೆಗೆ ಹೋಗಬೇಕಾಗಿ ವಿನಂತಿ.

ಅಪ್ಪ ಅಂಗಡಿಗೆ ಹೋಗಿ ಟ್ಯಾಬು ನೋಡಿದ ಮೇಲೇ ಮನೆಗೆ ಬಂದಿರಬೇಕು. ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಚೌಕಟ್ಟಿಗೆ ಒಂದು ಸಲ ಬೆರಳು ತಟ್ಟಿದ, ಹೋದ.

ಜೂನ್ ೧೮, ಬುಧವಾರ, ಸಂಜೆ ೬

ಹನ್ನೊಂದು ದಿನ ಕಡತ ತೆರೆಯಲಿಲ್ಲ. ಚೇಷ್ಟೆಗೆ ಮನಸ್ಸಿರಲಿಲ್ಲ. ಮನೆಯಲ್ಲಿ ಎಲ್ಲರೂ ಎಲ್ಲರಿಗೂ ವಿಪರೀತ ಮರ್ಯಾದೆ ಕೊಡುತ್ತಿದ್ದೇವೆ. ಸಹಿಸಲು ಆಗುತ್ತಿಲ್ಲ.

ಇವತ್ತು ಬರೆಯಲೇಬೇಕು. ಜಿರಾಫೆ ಒಂದು ವಾರದಿಂದ ಮಂಕು. ಮಧ್ಯಾಹ್ನ ನಲ್ಲಿಯ ಹತ್ತಿರ ಹೇಳಿದಳು. ಅವಳು ಚಿತ್ರ ಬರೆದು ಹಾಕುವ ಆನ್‌ಲೈನ್ ಗುಂಪಿನಲ್ಲಿ ಒಬ್ಬನಿದ್ದಾನೆ. ಹದಿನೇಳು ಅಂದಿದ್ದ. ದಿನಾ ಹೊಗಳುತ್ತಿದ್ದ. ಒಂದು ಫೋಟೋ ಕೇಳಿದ, ಕಳಿಸಿದಳು. ಈಗ ಬೇರೆ ಥರದ್ದು ಕೇಳುತ್ತಿದ್ದಾನೆ. ಇಲ್ಲ ಅಂದದ್ದಕ್ಕೆ, ಶನಿವಾರ ನಾಲ್ಕಕ್ಕೆ ಬಸ್‌ ಸ್ಟ್ಯಾಂಡಿಗೆ ಒಬ್ಬಳೇ ಬಾ, ಇಲ್ಲದಿದ್ದರೆ ನೀನು ಬರೆದದ್ದನ್ನೆಲ್ಲ ಶಾಲೆಗೆ ಕಳಿಸ್ತೀನಿ ಅಂದಿದ್ದಾನೆ. ಫೋನಿನಲ್ಲಿ ಅವನ ದನಿ ಹದಿನೇಳರದ್ದಲ್ಲವಂತೆ.

ನಾವು ಸೃಷ್ಟಿಸಿದ ಕ್ಯಾಪ್ಟನ್‌ಗೆ ಬೈಕು ಕೊಟ್ಟಿದ್ದೆವು. ಇವನಿಗೂ ಬೈಕು ಇದೆಯಂತೆ.

ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಅಂತ ನನ್ನಿಂದ ಆಣೆ ಹಾಕಿಸಿಕೊಂಡಳು. ಶನಿವಾರ ಹೋಗಿ ಬಿಡ್ತೀನಿ, ಮುಗಿದುಹೋಗುತ್ತೆ ಅನ್ನುತ್ತಾಳೆ.

ಸಂಜೆ ೬:೪೦

ಆಣೆಯ ಕಾನೂನು ಪರಿಶೀಲನೆ ಮಾಡಿದೆ. ಆಣೆ ಇರುವುದು ಬಾಯಿಗೆ. ಬೆರಳಿಗೆ ಇಲ್ಲ. ಫೋನಿನಲ್ಲಿ ನನ್ನ ನಂಬರಿಗೆ ನಾನೇ ಮೆಸೇಜು ಮಾಡಿಕೊಂಡೆ, ಶುರುವಿನಿಂದ ಕೊನೆಯವರೆಗೆ. ಕೊನೆಯಲ್ಲಿ, ‘ಯೂನಿಫಾರಮ್ಮಿನ ಎರಡನೇ ಗುಂಡಿ ಸಡಿಲ’ ಅಂತಲೂ ಸೇರಿಸಿದೆ. ಗುಂಡಿ ಬಿಗಿಯಾದರೆ ಅಪ್ಪ ಟ್ಯಾಬಿನಲ್ಲಿ ಓದಿದ್ದಾನೆ ಅಂತ ಅರ್ಥ. ನಾನು ಹೇಳಿದ ಹಾಗೂ ಆಗಲಿಲ್ಲ, ಹೇಳದ ಹಾಗೂ ಆಗಲಿಲ್ಲ. ಗುಪ್ತಚರ ಇಲಾಖೆಗೆ ಜಯವಾಗಲಿ.

ಜೂನ್ ೧೯, ಗುರುವಾರ

ಗುಂಡಿ ನೇತಾಡುತ್ತಿದೆ. ಅಪ್ಪ ಸಿಳ್ಳೆ ಹಾಕುತ್ತ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಾನೆ. ಅಂಥ ಸುದ್ದಿ ಓದಿದವನು ಸಿಳ್ಳೆ ಹಾಕುತ್ತಾನಾ? ಗಿರಾಕಿ ಜಾಸ್ತಿ ಇರಬೇಕು. ಓದುತ್ತಾನೆ.

ಜೂನ್ ೨೦, ಶುಕ್ರವಾರ, ಮಧ್ಯಾಹ್ನ ೩:೫೦

ಗುಂಡಿ ಕ್ಲಾಸಿನಲ್ಲೇ ಕಿತ್ತು ಬಿತ್ತು. ಬೆಂಚಿನ ಕೆಳಗೆ ಹುಡುಕಿ ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದವಳೇ ಸೆಟ್ಟಿಂಗ್ಸ್ ನೋಡಿದೆ. ಜೋಡಿಸಿದ ಸಾಧನ: ಯಾವುದೂ ಇಲ್ಲ.

ತೆಗೆದುಬಿಟ್ಟಿದ್ದಾರೆ. ಅಪ್ಪ ಬಾಗಿಲ ಚೌಕಟ್ಟಿಗೆ ಬೆರಳು ತಟ್ಟಿ ಹೋದ ದಿನವೇ ಇರಬೇಕು.

ಯಾರೂ ಓದುತ್ತಿಲ್ಲ. ಎರಡು ದಿನದಿಂದ ನಾನು ಖಾಲಿ ಕೋಣೆಯ ಬಾಗಿಲು ಬಡಿಯುತ್ತಿದ್ದೆ. ನಾಳೆ ಶನಿವಾರ.

ಅದೇ ದಿನ, ಸಂಜೆ ೭

ಅಂಗಡಿಗೆ ಓಡಿದೆ. ಅಪ್ಪ ಕತ್ತರಿ ಕೆಳಗಿಟ್ಟ. ನನ್ನ ಅಂಗೈಯಲ್ಲಿದ್ದ ಗುಂಡಿ ನೋಡಿದ. ಮತ್ತೊಂದು ಕೈಯಲ್ಲಿ ಫೋನು ಮುಂದೆ ಹಿಡಿದಿದ್ದೆ, ತಗೋ ಅನ್ನುವ ಹಾಗೆ. ಅವನು ಅದನ್ನು ಮುಟ್ಟಲಿಲ್ಲ.

“ನೀನೇ ಹೇಳ್ತೀಯಾ ಕೋತಿ, ಇಲ್ಲಾ ನಾನು ಓದ್ಲಾ?”

“ಹೇಳ್ತೀನಪ್ಪಾ.”

ಅವನು ಸೂಜಿಗೆ ದಾರ ಪೋಣಿಸಿಕೊಂಡು ಸ್ಟೂಲು ಎಳೆದು ಎದುರು ಕೂತ. ಅಂಗಿ ನನ್ನ ಮೈಮೇಲೆ ಇದ್ದ ಹಾಗೇ ಗುಂಡಿ ಹೊಲಿಯತೊಡಗಿದ. ಅವನ ಕಣ್ಣು ಸೂಜಿಯ ಮೇಲೆ, ನನ್ನ ಮುಖದ ಮೇಲಲ್ಲ. ಅದಕ್ಕೇ ಹೇಳಲು ಆಯಿತು. ಆಣೆ ಮುರಿಯಿತು. ಒಂದು ಗುಂಡಿಗೆ ಅಷ್ಟೊಂದು ಸಲ ದಾರ ಸುತ್ತಿದ್ದನ್ನು ನಾನು ಕಂಡಿಲ್ಲ. ಇನ್ನು ಈ ಅಂಗಿ ಹರಿದರೂ ಆ ಗುಂಡಿ ಬೀಳುವುದಿಲ್ಲ.

ಆಮೇಲೆ ಅಮ್ಮನಿಗೆ ಫೋನು. ಅಮ್ಮ ಆಸ್ಪತ್ರೆಯಿಂದ ಅಂಗಡಿಗೆ ಬಂದು, ನನ್ನನ್ನೂ ಕರೆದುಕೊಂಡು ನೇರ ಜಿರಾಫೆಯ ಮನೆಗೆ. ಜಿರಾಫೆಯ ತಾಯಿಯ ಕೈ ಹಿಡಿದು ಜೇನಿನ ದನಿಯಲ್ಲಿ ಎಲ್ಲ ಹೇಳಿದಳು. ಆ ದನಿ ಯಾಕಿದೆ ಅಂತ ಇವತ್ತು ತಿಳಿಯಿತು — ನೋವಿದ್ದವರಿಗೆ. ಜಿರಾಫೆಯನ್ನು ಕರೆದುಕೊಂಡು ಅಮ್ಮಂದಿರಿಬ್ಬರೂ ಠಾಣೆಗೆ ಹೊರಟರು. ಅಲ್ಲಿ ಎಲ್ಲ ಬರೆದುಕೊಂಡರಂತೆ, ನಾಳೆ ಬಸ್‌ ಸ್ಟ್ಯಾಂಡಿಗೆ ತಮ್ಮವರು ಹೋಗುತ್ತಾರೆ ಅಂದರಂತೆ.

ಹೊರಡುವಾಗ ಜಿರಾಫೆ ನನ್ನನ್ನು ಒಂದೇ ಸಲ ನೋಡಿದಳು. “ಆಣೆ ಹಾಕಿದ್ದೆ ನೀನು.”

ನಾನು ಹೊಸದಾಗಿ ಹೊಲಿದ ಗುಂಡಿ ತಿರುಚುತ್ತ ನಿಂತೆ. ಅದು ಕದಲಲಿಲ್ಲ, ದಾಖಲಾಗಲಿ.

ಜೂನ್ ೨೧, ಶನಿವಾರ, ಮಧ್ಯಾಹ್ನ ೩:೪೫

ಅಂಗಡಿಯಲ್ಲಿದ್ದೇನೆ. ಬೆಳಿಗ್ಗೆಯಿಂದ ಜಿರಾಫೆಗೆ ನಾಲ್ಕು ಮೆಸೇಜು ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ. ಟ್ಯಾಬು ಮೂಲೆಯಲ್ಲಿದೆ, ಬರೀ ಕುತ್ತಿಗೆಯ ಡಿಸೈನು. ಇನ್ನೊಮ್ಮೆ ಜೋಡಿಸಿಕೊಳ್ತೀಯಾ ಅಂತ ಅಪ್ಪನನ್ನು ಕೇಳಿದೆ. ಬೇಡ, ನಿನ್ನ ಬರಹ ಓದಿ ನನಗೆ ಬಿ.ಪಿ. ಬಂತು, ಏನಿದ್ರೂ ಸ್ಟೂಲಿನ ಮೇಲೆ ಬಂದು ಕೂತು ಹೇಳು ಅಂದ.

೪:೦೫

ಅವಳು ಬಂದಿದ್ದಾಳೆ.

ಸ್ಟೂಲಿನ ಮೇಲೆ ಕೂತಿದ್ದಾಳೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. ಗೋಡೆಯ ಗಡಿಯಾರ ನೋಡುತ್ತಿದ್ದಾಳೆ. ನಾನು ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಅವಳ ಮಣಿಕಟ್ಟು ನೋಡಿದ, ತೋಳು ನೋಡಿದ, ಕುತ್ತಿಗೆಯಿಂದ ಟೇಪು ತೆಗೆದ.

“ಕೈ ಚಾಚಮ್ಮಾ. ಇಷ್ಟು ದಿನ ಯಾರು ಹೊಲಿದ್ರೋ ಇದನ್ನ.”

ಚಾಚಿದಳು. ಅಷ್ಟುದ್ದದ ಕೈ ಅಂಗಡಿಯ ಅರ್ಧಕ್ಕೆ ಬಂತು. ನನ್ನ ಮೂಗಿನವರೆಗೆ.

“ಬರ್ಕೊಳ್ಳೇ,” ಅಂದಳು ಜಿರಾಫೆ, ನನಗೆ. “ಸುಮ್ನೆ ಕೂತಿದ್ದೀಯಲ್ಲ.”

ಬೇರೆ ಪುಸ್ತಕ ಹುಡುಕಲು ಹೊತ್ತಿಲ್ಲ. ಇಲ್ಲೇ —

ಭುಜ: ಹದಿನಾರು
ತೋಳು: ಇಪ್ಪತ್ತನಾಲ್ಕೂವರೆ