ತಿರುಗದ ಲೇತು

ಶನಿವಾರ, ೧೪

ಮಾವನಿಗೆ ಸುಳ್ಳು ಹೇಳಿದೆ. ಬಾಯಿಗೆ ಬಂದದ್ದು ಅದೇ.

ಮುಚ್ಚಿಹೋದ ಕಾರ್ಖಾನೆಗಳ ಆ ಬೀದಿಗೆ ಹೊಸ ರೂಪ ಕೊಡುವ ಕೆಲಸ ನನ್ನದು. ಮಾವ ದುಡಿದ ಶೆಡ್ಡು ಈಗ ಕಾಫಿ ಅಂಗಡಿ. ಕಬ್ಬಿಣ ಕಡೆಯುವ ಅವರ ಲೇತು ಯಂತ್ರವನ್ನು ಅಂದಕ್ಕೆಂದು ನಡುವೆ ಉಳಿಸಿಕೊಂಡೆ. "ನಿಮ್ಮ ಲೇತು ಹಾಗೇ ಇದೆ ಮಾವ" ಎಂದು ಮನೆಯಲ್ಲಿ ಜಂಬ ಕೊಚ್ಚಿದವಳೂ ನಾನೇ. ಮಕ್ಕಳ ಬೆರಳು ಸಿಕ್ಕೀತೆಂದು, ತಿರುಗುವ ಭಾಗಕ್ಕೆ ಬೆಸುಗೆ ಹಾಕಿಸಿದ್ದನ್ನು ಮಾತ್ರ ಹೇಳಲಿಲ್ಲ.

ಇವತ್ತು ಉದ್ಘಾಟನೆಗೆ ಮಾವ ಇಸ್ತ್ರಿ ಅಂಗಿ ತೊಟ್ಟು ಬಂದರು. ನೇರವಾಗಿ ಲೇತಿನ ಹತ್ತಿರ ಹೋಗಿ ಅಂಗಿಯ ತೋಳು ಮಡಚಿದರು.

"ಸ್ವಲ್ಪ ಹಿಂದೆ ಸರೀರಪ್ಪಾ, ಬಟ್ಟೆ ಜೋಪಾನ."

ಕಾಫಿ ಕಪ್ಪು ಹಿಡಿದವರೆಲ್ಲ ನಗುತ್ತಾ ಸರಿದು ಫೋಟೋಗೆಂದು ಫೋನು ಎತ್ತಿದರು. ಮಾವ ಎರಡೂ ಕೈ ಹಾಕಿ ತಿರುಗಿಸಿದರು. ಅಲುಗಲಿಲ್ಲ. ನನ್ನ ಮುಖ ನೋಡಿದರು.

"ತುಕ್ಕು ಹಿಡಿದಿರಬೇಕು ಮಾವ."

"ನನ್ನದೇ ತಪ್ಪು ಕಣಮ್ಮ. ಕಾರ್ಖಾನೆ ಮುಚ್ಚಿದ ದಿನ ಸಿಟ್ಟಲ್ಲಿ ಎಣ್ಣೆ ಬಿಡದೇ ಎದ್ದು ಬಂದೆ."

ಊಟದ ಹೊತ್ತಿಗೂ ಅದೇ ಮಾತು. ಹೇಳಿಬಿಡೋಣವೆಂದು ಬಾಯಿ ತೆರೆದವಳು, ನೀರು ಬೇಕಾ ಎಂದು ಕೇಳಿದೆ.

ಈಗ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಮಾವ ಬೆಳಿಗ್ಗೆಯೇ ಹೋಗಿ ಸೀಮೆಎಣ್ಣೆ ಬಿಟ್ಟು ಸಡಿಲ ಮಾಡುತ್ತಾರಂತೆ.

"ಎಲ್ಲಿಟ್ಟಿದ್ದೀಯಮ್ಮ?" ಎಂದು ಕೇಳಿದರು.

ಅಟ್ಟದ ಮೇಲಿದೆ ಮಾವ, ಎಂದು ಕೂತಲ್ಲಿಂದಲೇ ಕೂಗಿ ಹೇಳಿದೆ.